ಕೋರ್ಟು ಅಮೀನಾ ಬಂದವ್ಳೆ

ಕೋರ್ಟಿನಲ್ಲಿ ಕೆಲಸ ಮಾಡಿದ ಹೆಂಗಸಿಗೆ ಇಂಥವು ನಡೆಯುತ್ತಲೇ ಇರುತ್ತವೆ. ರಿಟೈರಾದ ಮೇಲೂ ಬಿಡುವುದಿಲ್ಲ. ಮೊನ್ನೆ ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಕೇಳಿದರು, "ಪಿಂಚಣಿ ಬತ್ತೈತಾ ತಾಯಿ?"

"ಬತ್ತೈತೆ, ಕೋರ್ಟಿಂದು."

"ಯಜಮಾನ್ರು ಕೋರ್ಟಲ್ಲಿದ್ರಾ?"

"ಅವ್ರು ನಾಕು ವರ್ಷ ಇದ್ರು. ಆಮೇಲೆ ನಾನು ಮೂವತ್ತೆರಡು ವರ್ಷ ಇದ್ದೆ."

ಅವರು ಬೆರಳು ಮಡಿಸಿ ಲೆಕ್ಕ ಹಾಕಿ, "ಹಂಗಾದ್ರೆ ಯಜಮಾನ್ರ ಪಿಂಚಣಿ ಅನ್ನು" ಅಂದರು. ಅಷ್ಟರಲ್ಲಿ ಬಸ್ ಬಂತು. ನಾನೂ ವಾದ ಮುಂದುವರಿಸಲಿಲ್ಲ.

ಹಿಂದೂಪುರದ ಕಡೆಯೂ ದುಡಿದಿದ್ದೇನೆ, ಕಲ್ಯಾಣದುರ್ಗದ ಕಡೆಯೂ ದುಡಿದಿದ್ದೇನೆ. ಯಾವ ಕೋರ್ಟಿನಲ್ಲಿ ಯಾವುದು ನಡೆಯಿತು ಅಂತ ಮಾತ್ರ ಕೇಳಬೇಡಿ. ಇಲ್ಲಿಯವರು ಅಲ್ಲಿಯದು ಅಂದುಕೊಳ್ಳಲಿ, ಅಲ್ಲಿಯವರು ಇಲ್ಲಿಯದು ಅಂದುಕೊಳ್ಳಲಿ.

ಗಂಟಲು

ನನ್ನ ಗಂಡ ಮುನ್ಸೀಫ್ ಕೋರ್ಟಿನಲ್ಲಿ ಸಮನ್ಸ್ ಜಾರಿ ಮಾಡುವ ಕೆಲಸದಲ್ಲಿದ್ದರು. ಕಾಮಾಲೆಯಾಗಿ ಹೋಗಿಬಿಟ್ಟರು. ನನಗೆ ಆಗ ಇಪ್ಪತ್ತಾರು ವರ್ಷ, ಹತ್ತನೇ ಕ್ಲಾಸು ಪಾಸು, ಕಂಕುಳಲ್ಲಿ ಒಂದು ಹೆಣ್ಣು ಮಗು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅನುಕಂಪದ ಮೇಲೆ ಅಟೆಂಡರ್ ಕೆಲಸ ಕೊಟ್ಟರು.

ಕೋರ್ಟಿನ ಅಟೆಂಡರಿಗೆ ಮುಖ್ಯವಾದ ಕೆಲಸ ಅಂದರೆ ಕೂಗುವುದು. ಕೇಸು ಬಂದಾಗ ಬಾಗಿಲಲ್ಲಿ ನಿಂತು ಪಾರ್ಟಿಯ ಹೆಸರನ್ನು ಮೂರು ಸಲ ಕೂಗಬೇಕು. ಹೆಡ್ ಕ್ಲಾರ್ಕು ಮೊದಲ ದಿನವೇ ಹೇಳಿಬಿಟ್ಟರು: "ಕೂಗೋದೆಲ್ಲ ದಫೇದಾರ ನೋಡ್ಕೊತಾನೆ. ಹೆಂಗಸ್ರ ಗಂಟ್ಲು ಜಗಲಿ ದಾಟಲ್ಲ ಕಣಮ್ಮ. ನೀನು ನೀರು ತುಂಬ್ಸು, ಫೈಲು ಎತ್ತಿಡು."

ನಾನು ನೇಕಾರರ ಮನೆಯಲ್ಲಿ ಹುಟ್ಟಿದವಳು. ನಾಲ್ಕು ಮಗ್ಗ ಒಟ್ಟಿಗೆ ಬಡಿಯುವ ಮನೆಯಲ್ಲಿ "ಸಾರಿಗೆ ಉಪ್ಪು ಹಾಕ್ಲಾ?" ಅಂತ ಕೇಳಬೇಕಾದರೂ ಮೂರು ಮನೆಗೆ ಕೇಳಿಸುವ ಹಾಗೆ ಕೇಳಬೇಕು. ಇದನ್ನು ಅವರಿಗೆ ಹೇಳಲು ಹೋಗಲಿಲ್ಲ. ನೀರು ತುಂಬಿಸಿದೆ.

ಒಂದು ದಿನ ದಫೇದಾರನ ಗಂಟಲು ಊದಿಕೊಂಡಿತು. ಬಾಯಿ ತೆರೆದರೆ ಬರೀ ಗಾಳಿ. ಒಳಗಿಂದ ಮುನ್ಸೀಫರು ಬೆಲ್ ಹೊಡೆಯುತ್ತಲೇ ಇದ್ದಾರೆ. ನಾನು ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದು ಕೂಗಿದೆ: "ಹನುಮಂತಪ್ಪಾ! ಹನುಮಂತಪ್ಪಾ! ಹನುಮಂತಪ್ಪಾ!"

ನಮ್ಮ ಕಡೆ ಮೂವರಲ್ಲಿ ಒಬ್ಬನ ಹೆಸರು ಅದೇ. ಜಗಲಿಯಲ್ಲಿ ಕೂತಿದ್ದ ಇಬ್ಬರು ಎದ್ದು ನಿಂತರು. ಎದುರಿನ ಹೋಟೆಲಿನಿಂದ ಒಬ್ಬ ಕೈಯಲ್ಲಿ ಅರ್ಧ ದೋಸೆ ಹಿಡಿದುಕೊಂಡೇ ಓಡಿ ಬಂದ. ಹೊರಟಿದ್ದ ಬಸ್ಸು ರಸ್ತೆಯಲ್ಲಿ ನಿಂತು, ಡ್ರೈವರ್ ಇಳಿದು ಬಂದು, "ಎವರಮ್ಮಾ ನನ್ನು ಪಿಲಿಚಿಂದಿ?" ಅಂದ. ಕರೆದದ್ದು ಯಾರು ಅಂತ. ಮುನ್ಸೀಫರು ತಲೆಯೆತ್ತಿ ನೋಡಿದರೆ ಮುಂದೆ ನಾಲ್ಕು ಜನ ಹನುಮಂತಪ್ಪಂದಿರು ಸಾಲಾಗಿ ನಿಂತಿದ್ದಾರೆ. ಕೇಸಿನ ಹನುಮಂತಪ್ಪ ಅವತ್ತು ಬಂದೇ ಇರಲಿಲ್ಲ.

ಸಾಯಂಕಾಲ ಹೆಡ್ ಕ್ಲಾರ್ಕು ಕರೆದು, "ಹೆಂಗ್ಸು ಅಷ್ಟು ಜೋರಾಗಿ ಕೂಗಿದ್ರೆ ಚೆಂದಾಗಿರಲ್ಲಮ್ಮ, ಕೋರ್ಟಿನ ಮರ್ಯಾದೆ ಏನಾಗ್ಬೇಕು?" ಅಂದರು. ಮೊದಲು ಗಂಟಲು ಸಾಲದು ಅಂದಿದ್ದರು, ಈಗ ಹೆಚ್ಚಾಯಿತು. ಸರಿಯಾದ ಅಳತೆಯ ಗಂಟಲು ದಫೇದಾರನಿಗೆ ಮಾತ್ರ ಇತ್ತು. ಅವತ್ತು ಅವನ ಹತ್ತಿರವೂ ಇರಲಿಲ್ಲ.

ಕಾರಣ ವಿವರಿಸುವುದು

ಅಟೆಂಡರುಗಳಿಗೆ ಸರ್ಕಾರ ಯೂನಿಫಾರ್ಮ್ ಬಟ್ಟೆ ಕೊಡುತ್ತದೆ. ನನಗೂ ಬಂತು: ಪ್ಯಾಂಟಿಗೆ ಖಾಕಿ, ಶರ್ಟಿಗೆ ಖಾಕಿ, ರುಮಾಲಿಗೆ ಬಿಳಿ ಬಟ್ಟೆ. ಸೀರೆ ಕೊಡಿ ಅಂತ ಕೇಳಿದೆ. "ರೂಲ್ಸಿನಲ್ಲಿ ಸೀರೆ ಇಲ್ಲ" ಅಂದರು ಹೆಡ್ ಕ್ಲಾರ್ಕು. "ಮತ್ತೆ ನಾನು?" ಅಂದೆ. "ರೂಲ್ಸಿನಲ್ಲಿ ನೀನೂ ಇಲ್ಲಮ್ಮ. ಸೈನ್ ಮಾಡಿ ತಗೋ, ಇಲ್ದಿದ್ರೆ ಆಡಿಟ್ಟಿಗೆ ಉತ್ತರ ಹೇಳೋರ್ಯಾರು?"

ಸೈನ್ ಮಾಡಿ ತಗೊಂಡೆ. ಟೈಲರ್ ಬಟ್ಟೆ ಬಿಡಿಸಿ, "ಅಳತೆಗೆ ಯಾರನ್ನ ಕಳಿಸ್ತೀರಾ?" ಅಂದ. ಮಾರ್ಕೆಟ್ಟಿಗೆ ಎರಡು ಚೀಲ, ಮಗಳ ಪುಸ್ತಕಕ್ಕೆ ಒಂದು ಚೀಲ ಹೊಲಿಸಿದೆ. ಹೀಗೆ ವರ್ಷಾ ವರ್ಷ ಸರ್ಕಾರ ಪ್ಯಾಂಟು ಕೊಡುತ್ತಾ ಹೋಯಿತು, ನಾನು ಚೀಲ ಹೊಲಿಸುತ್ತಾ ಹೋದೆ. ಜೊತೆಗೆ ಒಂದು ಅರ್ಜಿಯನ್ನೂ ಬರೆದೆ: ನಾನು ಸೀರೆ ಉಡುವವಳು, ದಯವಿಟ್ಟು ಸೀರೆ ಮಂಜೂರು ಮಾಡಬೇಕು.

ಅರ್ಜಿ ನಮ್ಮ ಕೋರ್ಟಿನಿಂದ ಜಿಲ್ಲೆಗೆ ಹೋಯಿತು, ಜಿಲ್ಲೆಯಿಂದ ಮೇಲಕ್ಕೆ ಹೋಯಿತು, ಮೇಲೆ ಎಲ್ಲೆಲ್ಲೋ ತಿರುಗಿ ಬೆನ್ನ ತುಂಬ ಮೊಹರು ಹೊಡೆಸಿಕೊಂಡು ವಾಪಸ್ಸು ಬಂತು. ಕೆಳಗೆ ಒಂದೇ ಸಾಲು ಬರೆದಿದ್ದರು:

"ಅರ್ಜಿದಾರರು ಸೀರೆ ಉಡುತ್ತಿರುವುದಕ್ಕೆ ಕಾರಣವನ್ನು ವಿವರಿಸುವುದು."

ಅಮೀನಾ

ನಾಲ್ಕೈದು ವರ್ಷ ಕಳೆಯಿತು. ಸಮನ್ಸ್ ಜಾರಿ ಮಾಡುತ್ತಿದ್ದವರಲ್ಲಿ ಒಬ್ಬರು ರಿಟೈರಾದರು, ಇನ್ನೊಬ್ಬರು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡರು. ಕಾಗದಗಳು ಮೇಜಿನ ಮೇಲೆ ಗುಡ್ಡೆ ಬಿದ್ದವು. ಹೊಸದಾಗಿ ಬಂದ ಮುನ್ಸೀಫರು, "ಆಯಮ್ಮ ಓದ್ತಾರೆ, ಬರೀತಾರೆ, ನಡೀತಾರೆ. ಇನ್ನೇನು ಬೇಕು?" ಅಂದು ನನ್ನನ್ನು ಆ ಕೆಲಸಕ್ಕೆ ಹಾಕಿದರು. ಹೆಡ್ ಕ್ಲಾರ್ಕು ಹೊರಗೆ ಬಂದು, "ಮೂರು ಸಮನ್ಸು ಜಾರಿಯಾಗ್ದೆ ವಾಪಸ್ ಬಂದ್ರೆ ಮತ್ತೆ ನೀರಿನ ಹಂಡೆ ಹತ್ರಾನೇ" ಅಂದರು. ನಗುತ್ತಲೇ ಅಂದರು, ಆದರೆ ತಮಾಷೆಗಲ್ಲ ಅಂತ ನನಗೆ ಗೊತ್ತಿತ್ತು. ಮೊದಲ ಕಾಗದವೇ ಒಂದು ವರ್ಷದಿಂದ ಯಾರ ಕೈಗೂ ಸಿಗದ ಒಬ್ಬ ದನದ ದಳ್ಳಾಳಿಯದು. ಮೂರು ಸಲ "ಊರಲ್ಲಿಲ್ಲ" ಅಂತ ವಾಪಸ್ಸು ಬಂದಿತ್ತು.

ಕೋರ್ಟಿನ ಕಾಗದ ತರುವವನಿಗೆ ನಮ್ಮ ತೆಲುಗು ಸೀಮೆಯಲ್ಲಿ ಅಮೀನಾ ಅನ್ನುತ್ತಾರೆ. ಗೋರಂಟ್ಲದ ಆಚೆ ಆ ಊರಿನಲ್ಲಿ ಬಸ್ಸು ನಿಲ್ಲಿಸಿ ಕಂಡಕ್ಟರು ಕೂಗಿದ, "ಕೋರ್ಟು ಅಮೀನಾ ದಿಗಾಲಿ!" ಇಳಿಯಬೇಕು ಅಂತ. ಕಟ್ಟೆಯ ಮೇಲಿದ್ದವರು ಒಬ್ಬರಿಗೊಬ್ಬರು ದಾಟಿಸಿದರು, "ಅಮೀನಾ ಬಂದವ್ಳೆ, ಅಮೀನಾ ಬಂದವ್ಳೆ."

ಮೂಲೆಮನೆಯ ಸಾಬರ ಅಜ್ಜಿ ಈಚೆ ಬಂದು ನನ್ನ ಕೈ ಹಿಡಿದೇಬಿಟ್ಟಳು. "ಬಾ ಬೇಟಿ ಅಮೀನಾ, ಬಿಸ್ಲಾಗೆ ಬಂದಿದೀಯ" ಅಂತ ಒಳಗೆ ಕೂರಿಸಿ ಚಾ ಕೊಟ್ಟಳು. ನಾನು ಕುಡಿದು ಮುಗಿಸಿದ ಮೇಲೆ, "ಯಾರ ಪೈಕಿ ನೀನು? ಹಿಂದೂಪುರದಾಗೆ ಯಾವ ಮಸೀದಿ ಹತ್ರ ನಿಮ್ಮನೆ?" ಅಂತ ಕೇಳಿದಳು. ಮಸೀದಿಯ ಹತ್ತಿರ ಅಲ್ಲ, ಮಗ್ಗದ ಬೀದಿ ಅಂದೆ. ಅಷ್ಟು ದೂರದಿಂದ ಏನು ಕೆಲಸಕ್ಕೆ ಬಂದೆ ಅಂದಳು. ದಳ್ಳಾಳಿಯ ಹೆಸರು ಹೇಳಿದೆ.

"ಅವ್ನಾ? ಕೋರ್ಟಿನೋರು ಬತ್ತಾರೆ ಅಂತ ಬಸ್ಸಿನ ಸದ್ದು ಕೇಳ್ದಾಗೆಲ್ಲ ನಮ್ಮ ಹಿತ್ಲಾಗೆ ಬಂದು ಕೂತ್ಕೊತಾನೆ. ಈಗ್ಲೂ ಅಲ್ಲೇ ಅವ್ನೆ, ಬಾ ತೋರುಸ್ತೀನಿ."

ಹಿತ್ತಲ ಕೊಟ್ಟಿಗೆಯಲ್ಲಿ ದಳ್ಳಾಳಿ ಬೀಡಿ ಸೇದುತ್ತಾ ಕೂತಿದ್ದ. ನನ್ನನ್ನು ನೋಡಿ ಬೀಡಿಯನ್ನೂ ಆರಿಸಲಿಲ್ಲ. "ಕೋರ್ಟಿಂದ ಬಂದಿದೀನಿ" ಅಂದೆ. ಅವನು ನನ್ನ ಹಿಂದೆ ಇಣುಕಿ ನೋಡಿ, "ಅಮೀನಾ ಎಲ್ಲಿ?" ಅಂದ. "ನಾನೇ" ಅಂದೆ. ಅವನು ನಕ್ಕು ಮುಗಿಸುವಷ್ಟರಲ್ಲಿ ಕಾಗದ ಅವನ ಕೈಯಲ್ಲಿತ್ತು.

ಹೊರಡುವಾಗ ಅಜ್ಜಿಗೆ ನಿಜ ಹೇಳಿದೆ, "ಅಮೀನಾ ಅನ್ನೋದು ನನ್ನ ಕೆಲಸ ಅಜ್ಜಿ, ಹೆಸರಲ್ಲ." ಹಾಗಾದರೆ ಹೆಸರೇನು ಅಂದಳು. ಹೇಳಿದೆ. ಅಜ್ಜಿ ಎರಡು ಸಲ ಬಾಯಲ್ಲಿ ಆಡಿಸಿ ನೋಡಿ, "ಬ್ಯಾಡ. ಅಮೀನಾನೇ ಚೆಂದಾಗೈತೆ, ಅದನ್ನೇ ಇಟ್ಕೋ" ಅಂದಳು.

ವಯಸ್ಕ ಗಂಡಸು

ಸಮನ್ಸಿನ ಜೊತೆ ಒಂದು ಅಚ್ಚಿನ ಫಾರಂ ಇರುತ್ತಿತ್ತು. ಪ್ರತಿವಾದಿ ಮನೆಯಲ್ಲಿ ಇಲ್ಲದಿದ್ದರೆ ಅವನ ಕುಟುಂಬದ ವಯಸ್ಕ ಗಂಡಸಿಗೆ ಕೊಟ್ಟು ಸಹಿ ತರಬೇಕು ಅಂತ ಅದರಲ್ಲಿತ್ತು. ನಾನು ಅದನ್ನು ಅಕ್ಷರ ಅಕ್ಷರ ಪಾಲಿಸುತ್ತಿದ್ದೆ. ತಪ್ಪು ಹುಡುಕುವವರು ಕಾಯುತ್ತಿದ್ದರಲ್ಲ.

ಕೊಡಿಕೊಂಡ ಅನ್ನುವ ಊರಿನ ಚೆಕ್‌ಪೋಸ್ಟಿನ ಹತ್ತಿರ ಒಬ್ಬ ಲಾರಿ ಡ್ರೈವರಿಗೆ ಸಮನ್ಸ್ ಇತ್ತು. ಅವನು ಲಾರಿ ಮೇಲೆ ಹೋಗಿದ್ದ. ರಸ್ತೆಯ ಪಕ್ಕ ಟೀ ಅಂಗಡಿ ಇಟ್ಟಿದ್ದ ಅವನ ಹೆಂಡತಿ ಕೈ ಒರೆಸಿಕೊಂಡು, "ಕೊಡಿ, ಸೈನ್ ಮಾಡ್ತೀನಿ" ಅಂದಳು. ಲಾರಿಯವರಿಗೆ ದಿನಾ ಪೇಪರ್ ಓದಿ ಹೇಳುವವಳು ಅವಳೇ.

"ನಿನಗೆ ಕೊಡೋಹಂಗಿಲ್ಲ ಕಣಮ್ಮ. ಗಂಡಸೇ ಆಗ್ಬೇಕು."

"ತಂದಿರೋಳು ನೀನು ಹೆಂಗ್ಸಲ್ವಾ?"

"ಹೆಂಗ್ಸು ಕೊಡ್ಬೋದು, ಇಸ್ಕೊಳೋಹಂಗಿಲ್ಲ."

ಅವಳು ಫಾರಂ ಇಸಿದುಕೊಂಡು ತಾನೇ ಓದಿದಳು. "ಇದನ್ನ ಬರ್ದೋನ್ಯಾರು?" "ಯಾವನೋ ವಯಸ್ಕ ಗಂಡಸೇ ಇರ್ಬೇಕು" ಅಂದೆ. ಇಬ್ಬರೂ ನಕ್ಕೆವು. ಆಮೇಲೆ ಅವಳ ಮುಖ ಬಿಗಿಯಾಯಿತು. "ಸರಿ. ನಂಗೆ ಇಸ್ಕೊಳೋ ಹಕ್ಕಿಲ್ಲ ಅಂದ್ರೆ ನಂಗೆ ಏನೂ ಗೊತ್ತೂ ಇಲ್ಲ. ಅಗೋ, ನಿಮ್ಮ ಗಂಡಸು."

ಜಗಲಿಯ ಮೇಲೆ ಅವಳ ಮಾವ ಕೂತಿದ್ದರು. ಎಂಬತ್ತರ ಹತ್ತಿರ ವಯಸ್ಸು, ಕಣ್ಣು ಮಂಜು, ಕಿವಿ ದೂರ. ಅಚ್ಚಾದ ಕಾಗದ ಕೈಯಿಟ್ಟು ಸವರಿ, "ಯಾವಾಗಮ್ಮ ಮದ್ವೆ?" ಅಂದರು. "ಮದ್ವೆ ಅಲ್ಲ ತಾತ, ವಾಯಿದೆ, ಹದಿನೆಂಟನೇ ತಾರೀಕು!" ಅಂತ ಕೂಗಿದೆ. ಅವರಿಗೆ ತಾರೀಕು ಮಾತ್ರ ಕೇಳಿಸಿತು. ಹೆಬ್ಬೆಟ್ಟು ಒತ್ತಿದರು.

ಹದಿನೆಂಟನೇ ತಾರೀಕು ಬೆಳಿಗ್ಗೆ ತಾತ ಮಡಿ ಪಂಚೆ ಉಟ್ಟು, ಶಲ್ಯ ಹೊದ್ದು, ತೆಂಗಿನಕಾಯಿ ಎಲೆ ಅಡಿಕೆ ಹಿಡಿದುಕೊಂಡು, ಕಾಗದ ತೋರಿಸಿ ದಾರಿ ಕೇಳುತ್ತಾ ಕೋರ್ಟಿಗೇ ಬಂದುಬಿಟ್ಟರು. ಬಾಗಿಲಲ್ಲಿದ್ದ ದಫೇದಾರನನ್ನು, "ನೀನು ಗಂಡಿನ ಕಡೆಯೋನೋ, ಹೆಣ್ಣಿನ ಕಡೆಯೋನೋ?" ಅಂತ ವಿಚಾರಿಸಿದರು.

ಮುನ್ಸೀಫರು ನನ್ನನ್ನು ಕರೆದರು. ಓದು ಬರಹ ಬರುವ ಸೊಸೆಯನ್ನು ಬಿಟ್ಟು ಇವರಿಗೆ ಯಾಕೆ ಕೊಟ್ಟಿರಿ ಅಂದರು. ಫಾರಂ ತೋರಿಸಿದೆ. ಅವರು ಹಣೆ ಚಚ್ಚಿಕೊಂಡು, "ಈ ಕಾನೂನು ತಿದ್ದುಪಡಿಯಾಗಿ ವರ್ಷಗಳಾದವು. ಹೆಂಗಸರೂ ಇಸಿದುಕೊಳ್ಳಬಹುದು. ಇದನ್ನು ಇನ್ನೂ ಯಾಕೆ ಬಳಸ್ತಾ ಇದ್ದೀರಿ?" ಅಂತ ಹೆಡ್ ಕ್ಲಾರ್ಕನ್ನು ಕೇಳಿದರು.

"ಹಳೇ ಸ್ಟಾಕು ಇನ್ನೂ ಎರಡು ಕಟ್ಟು ಇದೆ ಸಾರ್. ಮುಗಿದ ಮೇಲೆ ಹೊಸದು ತರಿಸ್ತೀವಿ."

ಆ ಎರಡು ಕಟ್ಟು ಖಾಲಿಯಾಗುವವರೆಗೂ ನಮ್ಮ ತಾಲ್ಲೂಕಿನ ಯಾವ ಹೆಂಗಸೂ ವಯಸ್ಸಿಗೆ ಬರಲಿಲ್ಲ.

ಆದರೂ

ವರ್ಷದ ಕೊನೆಗೆ ಸಾಹೇಬರು ಒಬ್ಬೊಬ್ಬರ ಬಗ್ಗೆ ಗುಟ್ಟಾಗಿ ಒಂದು ಸಾಲು ಬರೆದು ಮೇಲಕ್ಕೆ ಕಳಿಸುತ್ತಾರೆ. ಗುಟ್ಟಾದದ್ದರಿಂದ ಆಫೀಸಿಗೆಲ್ಲ ಗೊತ್ತಿರುತ್ತದೆ. ಇಂಗ್ಲಿಷಿನಲ್ಲಿದ್ದ ನನ್ನ ಸಾಲನ್ನು ಟೈಪ್ ಮಾಡಿದ ಗುಮಾಸ್ತರು ಅರ್ಥ ಬಿಡಿಸಿ ಹೇಳಿದರು: "ಹೆಂಗಸಾದರೂ ಕೆಲಸದಲ್ಲಿ ಚುರುಕು."

ಕಾಲು ಮುರಿದುಕೊಂಡಿದ್ದ ನಮ್ಮ ಜೊತೆಯವರು ಆಗ ವಾಪಸ್ಸು ಬಂದಿದ್ದರು. "ಅವ್ರಿಗೆ ಏನು ಬರ್ದವ್ರೆ?" ಅಂತ ಕೇಳಿದೆ.

"ಪರವಾಗಿಲ್ಲ ಅಂತ."

"ಗಂಡಸಾದರೂ ಅಂತ ಯಾಕೆ ಬರೀಲಿಲ್ಲ?"

ಗುಮಾಸ್ತರು ನಿಜವಾಗಿಯೂ ಯೋಚನೆ ಮಾಡಿ ಹೇಳಿದರು, "ಅವ್ನು ಚುರುಕಿಲ್ವಲ್ಲಮ್ಮ. ಮತ್ತೆ 'ಆದರೂ' ಎಲ್ಲಿಂದ ಬರುತ್ತೆ?"

ಕಲ್ಯಾಣದುರ್ಗದ ಜೀಪು

ಕಲ್ಯಾಣದುರ್ಗದ ಕಡೆ ವರ್ಗವಾದಾಗ ಹಳ್ಳಿಗಳಿಗೆ ಶೇರ್ ಜೀಪಿನಲ್ಲಿ ಹೋಗಬೇಕಿತ್ತು. ಮೊದಲ ಹಳ್ಳಿಯಲ್ಲಿ ನಾನು ಚೀಲ ಹಿಡಿದು ಇಳಿದ ತಕ್ಷಣ ಕಟ್ಟೆಯ ಮೇಲಿದ್ದ ಗಂಡಸರೆಲ್ಲ ಎದ್ದು ಕಡ್ಲೆಕಾಯಿ ಹೊಲಕ್ಕೆ ಬಿದ್ದು ಓಡಿದರು. ಚೀಲ ಹಿಡಿದು ಒಬ್ಬಳೇ ಬರುವ ಹೆಂಗಸು ಅಂದರೆ ಅವರ ಲೆಕ್ಕದಲ್ಲಿ ಕುಟುಂಬ ಯೋಜನೆಯ ಆಪರೇಷನ್ನಿಗೆ ಜನ ಹಿಡಿಯಲು ಬಂದ ನರ್ಸಮ್ಮ. ಇತ್ತ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಬಂದು, ಬಾಯಿಗೆ ಹನಿ ಹಾಕಮ್ಮ ಅಂತ ಸಾಲು ನಿಂತರು. ನಾನು ಕೋರ್ಟಿನವಳು ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಒಬ್ಬಾಕೆ, "ಕೋರ್ಟಿಗೆ ಹೆಂಗಸ್ರನ್ನ ಯಾಕಮ್ಮ ಇಟ್ಕೊತಾರೆ?" ಅಂತ ನನ್ನನ್ನೇ ಕೇಳಿದಳು.

ಎರಡು ಮೂರು ಸಲ ಹೋಗಿ, ಕೂತು, ಮಾತಾಡಿಸಿ, ಕೋರ್ಟಿನ ಹಿತ್ತಾಳೆ ಬಿಲ್ಲೆ ತೋರಿಸಿದೆ. ಕಾಗದ ಮುಟ್ಟಿದವರಿಗೆ ಏನೂ ಆಗಲಿಲ್ಲ ಅಂತ ಗೊತ್ತಾದ ಮೇಲೆ ಊರು ಹದಕ್ಕೆ ಬಂತು. ಚೀಲದ ಹೆಂಗಸು ಅಂದರೆ ಕೋರ್ಟಿನವಳು ಅಂತ ಎಲ್ಲರಿಗೂ ಖಾತ್ರಿಯಾಯಿತು.

ಮುಂದಿನ ತಿಂಗಳು ಒಬ್ಬ ರೈತ ಆಸ್ಪತ್ರೆಯಿಂದ ಓಡೋಡಿ ನಮ್ಮ ಕೋರ್ಟಿಗೆ ಬಂದ. ಊರಿಗೆ ನಿಜವಾದ ನರ್ಸಮ್ಮ ಬಂದಿದ್ದಾಳೆ. ಇವನು ಧೈರ್ಯವಾಗಿ ಎದುರಿಗೆ ಹೋಗಿ, ಅವಳು ಹೇಳಿದ ಕಡೆ ಸೈನ್ ಮಾಡಿ, ಕರೆದ ಜೀಪು ಹತ್ತಿದ್ದಾನೆ. ಆಸ್ಪತ್ರೆಯಲ್ಲಿ ಅಂಗಿ ಬಿಚ್ಚು ಅಂದಾಗ, "ಜಡ್ಜಿ ಮುಂದೇನಾ?" ಅಂತ ಕೇಳಿದನಂತೆ.

ಎದುರುಮನೆ ಅಜ್ಜಿ

ಒಂದು ಕೋರ್ಟಿನಲ್ಲಿ ಸಾಹೇಬರ ಕೋಣೆಗೆ ಸೇರಿದ ಕಕ್ಕಸು ಒಂದಿತ್ತು. ಮಿಕ್ಕ ಗಂಡಸರಿಗೆ ಕಾಂಪೌಂಡ್ ಗೋಡೆ ಇತ್ತು. ನಾವು ಹೆಂಗಸರು ಮೂವರು: ನಾನು, ಒಬ್ಬ ಟೈಪಿಸ್ಟು, ಹೊಸದಾಗಿ ಬಂದ ಲಾಯರಮ್ಮ. ಕೋರ್ಟಿನ ಎದುರು ಬಾಡಿಗೆ ಮನೆಯಲ್ಲಿ ಮುತ್ತುಗದ ಎಲೆ ಹೊಲಿಯುವ ಅಜ್ಜಿಯೊಬ್ಬಳಿದ್ದಳು. ನಾವೂ, ಸಾಕ್ಷಿಗೆ ಬರುವ ಹೆಂಗಸರೂ ಎಲ್ಲರೂ ಹೋಗುತ್ತಿದ್ದದ್ದು ಆ ಅಜ್ಜಿಯ ಹಿತ್ತಲಿಗೆ. ಕೋರ್ಟಿಗೆ ಒಂದು ಕಕ್ಕಸು ಬೇಕು ಅಂತ ಅರ್ಜಿ ಕೊಟ್ಟಿದ್ದೆ. ಹೆಂಗಸರ ಸಂಖ್ಯೆ ಕಡಿಮೆ ಅಂತ ವಾಪಸ್ಸು ಬಂದಿತ್ತು.

ಆ ಮನೆಯ ಮಾಲೀಕರು ಕಡ್ಲೆಕಾಯಿ ಮಂಡಿಯ ಸಾಹುಕಾರರು. ಮನೆ ಖಾಲಿ ಮಾಡಿಸಿಕೊಡಿ ಅಂತ ಅಜ್ಜಿಯ ಮೇಲೆ ಕೇಸು ಹಾಕಿದರು. ಸಮನ್ಸ್ ಕೊಡಬೇಕಾದವಳು ನಾನೇ. ಒಳಗೆ ಹೋಗಿ ಬಂದು, ಕೈಕಾಲು ತೊಳೆದು, ಆಮೇಲೆ ಚೀಲದಿಂದ ಕಾಗದ ತೆಗೆದೆ. ಅಜ್ಜಿ ಹೆಬ್ಬೆಟ್ಟು ಒತ್ತಿ, "ನಾನೇನೋ ಮಗಳ ಮನೇಗೋಯ್ತೀನಿ ಕಣಮ್ಮ. ನೀವೆಲ್ಲಿಗೋಯ್ತೀರಾ?" ಅಂದಳು. ನನಗೆ ನಾಚಿಕೆಯೂ ಆಯಿತು, ಭಯವೂ ಆಯಿತು.

ಸಾಹುಕಾರರ ವಕೀಲರು ಊರಿನ ದೊಡ್ಡ ಲಾಯರು. ವಿಚಾರಣೆಯ ದಿನ ಅವರಿಗೆ ಅನಂತಪುರದಲ್ಲಿ ಬೇರೆ ಕೇಸು ಬಿತ್ತು. ತಮ್ಮ ಕೈಕೆಳಗಿದ್ದ ಲಾಯರಮ್ಮನಿಗೆ ಫೈಲು ಕೊಟ್ಟು, "ಚಿಕ್ಕ ಕೇಸು, ನೀನೇ ನಡೆಸಮ್ಮ" ಅಂದರು. ಎರಡು ವರ್ಷದಿಂದ ಬರೀ ವಾಯಿದೆ ಕೇಳಿಕೊಂಡಿದ್ದ ಹುಡುಗಿಗೆ ಅದೇ ಮೊದಲ ವಾದ. ಬೆಳಿಗ್ಗೆ ನನ್ನ ಹತ್ತಿರ ಬಂದು, "ಗೆದ್ರೂ ಕಷ್ಟ, ಸೋತ್ರೂ ಕಷ್ಟ ಅಕ್ಕ" ಅಂದಳು.

ಎದ್ದು ನಿಂತು ಚೆನ್ನಾಗಿಯೇ ಶುರು ಮಾಡಿದಳು. ಮನೆ ಸಾಹುಕಾರರದು, ಅವರಿಗೆ ಬೇಕಾಗಿದೆ, ನಿಜ. ಆದರೆ ವಯಸ್ಸಾದ ಬಾಡಿಗೆದಾರರು, ಮಾನವೀಯತೆ, ಕನಿಷ್ಠ ಒಂದು ವರ್ಷವಾದರೂ ಸಮಯ ಕೊಡಬೇಕು, ಎರಡು ವರ್ಷವಾದರೆ ಇನ್ನೂ ಒಳ್ಳೆಯದು.

ಮುನ್ಸೀಫರು ಪೆನ್ನು ಕೆಳಗಿಟ್ಟರು. "ನೀವು ಯಾರ ಪರ ಅಮ್ಮಾ?"

"ಮಾಲೀಕರ ಪರ, ಯುವರ್ ಆನರ್."

"ನಿಮ್ಮ ಮಾಲೀಕರು ಒಂದೇ ತಿಂಗಳಲ್ಲಿ ಖಾಲಿ ಮಾಡಿಸಿ ಅಂತ ಬರೆದಿದ್ದಾರೆ."

ಲಾಯರಮ್ಮ ತಲೆ ತಗ್ಗಿಸಿದಳು. ಸಾಹುಕಾರರು ಬಾಯಿ ತೆರೆದುಕೊಂಡು ಕೂತಿದ್ದರು. ಆಗ ಅಜ್ಜಿ ಎದ್ದಳು.

"ಆ ಪಾಪನ್ನ ಯಾಕೆ ಸಾಮಿ ಗದರುಸ್ತೀರಾ? ನಾನು ಮನೆ ಬಿಟ್ರೆ ನಿಮ್ಮ ಕೋರ್ಟಿನ ಹೆಣ್ಮಕ್ಳು ಎಲ್ಲಿಗೋಗ್ಬೇಕು?"

"ಎಲ್ಲಿಗೆ ಅಂದರೆ?"

ದಫೇದಾರ ಫ್ಯಾನು ನೋಡಿದ. ಅಜ್ಜಿ ಕೋರ್ಟಿನ ಮಧ್ಯೆ ನಿಂತು ಕಿರುಬೆರಳು ಎತ್ತಿ ತೋರಿಸಿದಳು.

ಕೋರ್ಟೆಲ್ಲ ಗೊಳ್ಳೆಂದಿತು. ಮುನ್ಸೀಫರು ನಗಲಿಲ್ಲ. ನನ್ನ ಕಡೆ ತಿರುಗಿ ನಿಜವೇ ಅಂದರು. ನಿಜ ಅಯ್ಯಾ ಅಂದೆ. ಅಲ್ಲೇ ಒಂದು ಹಾಳೆ ಎಳೆದುಕೊಂಡು, ಕೋರ್ಟಿನ ಆವರಣದಲ್ಲಿ ಕೂಡಲೇ ಹೆಂಗಸರ ಕಕ್ಕಸು ಕಟ್ಟಿಸಬೇಕು ಅಂತ ಇಂಜಿನಿಯರಿಗೆ ಸ್ವಂತ ಕೈಯಲ್ಲಿ ಬರೆದರು. ಅದನ್ನು ನೋಡಿದ ಸಾಹುಕಾರರು, ಜಡ್ಜಿಯೇ ಬರೆದ ಮೇಲೆ ಮೂರು ತಿಂಗಳ ಕೆಲಸ ಅಂತ ಲೆಕ್ಕ ಹಾಕಿ ರಾಜಿಗೆ ಒಪ್ಪಿದರು. ರಾಜಿ ಪತ್ರ ಬರೆದದ್ದು ಲಾಯರಮ್ಮ: ಕೋರ್ಟಿನಲ್ಲಿ ಹೆಂಗಸರ ಕಕ್ಕಸು ಆಗುವವರೆಗೂ ಬಾಡಿಗೆದಾರರು ಮನೆಯಲ್ಲಿ ಇರತಕ್ಕದ್ದು. ಎರಡೂ ಕಡೆಯವರು ಒಪ್ಪಿ ಗುರುತು ಹಾಕಿದರು.

ಮೂರು ತಿಂಗಳಾಯಿತು, ಮೂರು ವರ್ಷವಾಯಿತು. ಸಾಹುಕಾರರು ಮಂಡಿ ಬಿಟ್ಟು ಇಂಜಿನಿಯರ್ ಆಫೀಸಿಗೆ ಅಲೆದರು. ಅನಂತಪುರಕ್ಕೆ ಹೋದರು, ಎಂ.ಎಲ್.ಎ. ಮನೆ ಮುಂದೆ ಕೂತರು, "ಹೆಂಗಸರು ಎಷ್ಟು ಕಷ್ಟ ಪಡ್ತಾ ಇದ್ದಾರೆ ಗೊತ್ತಾ?" ಅಂತ ಸಿಕ್ಕವರ ಹತ್ತಿರವೆಲ್ಲ ಮೇಜು ಗುದ್ದಿದರು. ಏಳನೇ ವರ್ಷಕ್ಕೆ ಕಕ್ಕಸು ಎದ್ದಿತು.

ಬೀಗ ತೆಗೆಯಲು ಜಿಲ್ಲೆಯಿಂದ ದೊಡ್ಡ ಜಡ್ಜಿ ಬಂದರು. ಅವರಿಗೆ ಕೇಸಿನ ವಿಷಯ ಗೊತ್ತಿಲ್ಲ, ಸಾಹುಕಾರರು ಬರೆದಿದ್ದ ಅರ್ಜಿಗಳ ಕಟ್ಟು ಮಾತ್ರ ನೋಡಿದ್ದರು. ನಾವು ಮೂವರು ಹಿಂದೆ ನಿಂತಿದ್ದೆವು, ಅಜ್ಜಿ ನಮ್ಮ ಪಕ್ಕದಲ್ಲಿದ್ದಳು. "ಮಹಿಳೆಯರ ಬಗ್ಗೆ ಇಷ್ಟು ಕಾಳಜಿಯಿರುವ ಗಂಡಸನ್ನು ನನ್ನ ಸರ್ವೀಸಿನಲ್ಲೇ ನೋಡಿಲ್ಲ" ಅಂತ ದೊಡ್ಡ ಜಡ್ಜಿ ತಮಗೆ ಹಾಕಿದ್ದ ಹಾರವನ್ನು ತೆಗೆದು ಸಾಹುಕಾರರ ಕೊರಳಿಗೆ ಹಾಕಿದರು. ಜನ ಚಪ್ಪಾಳೆ ತಟ್ಟಿದರು.

ಸಾಹುಕಾರರು ಹಾರ ಹಾಕಿಕೊಂಡೇ, ಇನ್ನು ಮನೆ ಬಿಡು ಅನ್ನುವ ಹಾಗೆ ಅಜ್ಜಿಯ ಕಡೆ ನೋಡಿದರು. ಅಜ್ಜಿ ನಾಲ್ಕು ಹೆಜ್ಜೆ ಮುಂದೆ ಬಂದು, ಎಲ್ಲರಿಗೂ ಕೇಳಿಸುವ ಹಾಗೆ, "ಹೆಂಗಸ್ರ ಕಷ್ಟ ಅರ್ತೋರು ಸಾಮಿ ನೀವು. ನಾನೂ ಹೆಂಗ್ಸೇ" ಅಂತ ಕೈ ಮುಗಿದಳು.

ಅವರು ಮನೆಯ ಮಾತನ್ನು ಮತ್ತೆ ಎತ್ತಲಿಲ್ಲ.